ಮೈದಾನದಲ್ಲಿ ಕುಳಿತಾಗ ಕಣ್ಣು ಎಲ್ಲಿರಬೇಕು?

ನಮಸ್ಕಾರ. ಇಷ್ಟು ವರ್ಷ ಟಿ.ವಿ.ಯಲ್ಲಿಯೇ ಫುಟ್‌ಬಾಲ್ ನೋಡಿಕೊಂಡು ಬಂದ ನೀವು ಮೊದಲ ಬಾರಿಗೆ ಮಗಳನ್ನು ಕರೆದುಕೊಂಡು ಕಂಠೀರವ ಕ್ರೀಡಾಂಗಣಕ್ಕೆ ಹೋಗಿ, ತೊಂಬತ್ತು ನಿಮಿಷವೂ ಚೆಂಡಿನ ಬೆನ್ನು ಹತ್ತಿ ಕಣ್ಣು ದಣಿಸಿಕೊಂಡು, ಗೋಲು ಹೇಗಾಯಿತೆಂಬುದೇ ತಿಳಿಯದೆ ಮನೆಗೆ ಮರಳಿದಿರೆಂದು ಬರೆದಿದ್ದೀರಿ. ಪಳಗಿದ ಪ್ರೇಕ್ಷಕರು ಎಲ್ಲಿ ನೋಡುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ಗ್ಯಾಲರಿಯಲ್ಲಿ ಬಹಳ ಕಾಲ ಕುಳಿತ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಚೆಂಡು ನಿಧಾನವಾಗಿದ್ದಾಗ ಅದನ್ನು ಬಿಟ್ಟು ಬೇರೆಡೆ ನೋಡಬೇಕು, ಅದು ವೇಗ ಹಿಡಿದಾಗ ಮತ್ತೆ ಅದರತ್ತ ಮರಳಬೇಕು.

ಇದಕ್ಕೆ ಕಾರಣ ನಮ್ಮ ಕಣ್ಣಿನಲ್ಲಿಯೇ ಇದೆ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಉಗುರಿನ ಅಗಲ ಎಷ್ಟು ಜಾಗವನ್ನು ಮರೆಮಾಡುತ್ತದೆಯೋ, ಹೆಚ್ಚುಕಡಿಮೆ ಅಷ್ಟನ್ನು ಮಾತ್ರ ಕಣ್ಣು ಒಂದು ಬಾರಿಗೆ ಸ್ಪಷ್ಟವಾಗಿ ಕಾಣಬಲ್ಲದು. ಅದು ಸುಮಾರು 2 ಡಿಗ್ರಿ. 60 ಮೀಟರ್ ದೂರದಲ್ಲಿ ಇದು ಸುಮಾರು 2 ಮೀಟರ್ ಅಗಲ, ಅಂದರೆ ಒಬ್ಬ ಆಟಗಾರ ಮತ್ತು ಅವನ ಕಾಲ ಬಳಿಯ ಚೆಂಡು. ಮೈದಾನವಾದರೋ 105 ಮೀಟರ್ ಉದ್ದ, 68 ಮೀಟರ್ ಅಗಲ. ಉಳಿದದ್ದೆಲ್ಲವೂ ಕಣ್ಣಂಚಿನಲ್ಲಿ ಮಸುಕಾಗಿ ಕಾಣುತ್ತದೆಯಾದರೂ, ಆ ಕಣ್ಣಂಚು ಚಲನೆಯನ್ನು ಬೇಗ ಹಿಡಿಯುತ್ತದೆ. ಆದ್ದರಿಂದ ಚೆಂಡನ್ನು ಕಣ್ಣಂಚಿಗೆ ವಹಿಸಿ, ನೋಟದ ನಡುಭಾಗವನ್ನು ಬೇರೆ ಕೆಲಸಕ್ಕೆ ಬಳಸಬಹುದು. ಟಿ.ವಿ.ಯಲ್ಲಿ ಈ ಆಯ್ಕೆಯನ್ನು ಕ್ಯಾಮೆರಾ ನಮ್ಮ ಪರವಾಗಿ ಮೊದಲೇ ಮಾಡಿಬಿಟ್ಟಿರುತ್ತದೆ. ಅದು ಚೆಂಡನ್ನು ಬಿಟ್ಟು ಹೋಗುವುದಿಲ್ಲ. ಆ ಅಭ್ಯಾಸವನ್ನೇ ನೀವು ಮೈದಾನಕ್ಕೂ ಹೊತ್ತು ತಂದಿದ್ದೀರಿ, ಅಷ್ಟೆ.

ಹಿಂಬದಿಯ ಇಬ್ಬರು ಡಿಫೆಂಡರ್‌ಗಳು ಚೆಂಡನ್ನು ಅಡ್ಡಡ್ಡಲಾಗಿ ತಳ್ಳಿಕೊಳ್ಳುತ್ತಿರುವಾಗ ಅಲ್ಲಿ ನೋಡುವಂಥದ್ದು ಏನೂ ನಡೆಯುವುದಿಲ್ಲ. ಆ ಹತ್ತು ಹದಿನೈದು ಸೆಕೆಂಡುಗಳಲ್ಲಿ ಚೆಂಡಿಗಿಂತ 30–40 ಮೀಟರ್ ಮುಂದಕ್ಕೆ ನೋಡಿ. ಸ್ಟ್ರೈಕರ್ ತನ್ನನ್ನು ಕಾಯುತ್ತಿರುವ ಡಿಫೆಂಡರ್‌ನ ಬೆನ್ನಿಗೆ ಸರಿಯುತ್ತಿದ್ದಾನೆಯೇ, ಮಿಡ್‌ಫೀಲ್ಡರ್ ಚೆಂಡು ತನ್ನ ಕಡೆ ಬರುವ ಮೊದಲೇ ಕತ್ತು ಹೊರಳಿಸಿ ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳುತ್ತಿದ್ದಾನೆಯೇ, ಎದುರಾಳಿಯ ರಕ್ಷಣಾ ಸಾಲಿನಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ಗಮನಿಸಿ. ಆ ಸಾಲು ಎಲ್ಲಿದೆಯೆಂದು ತಿಳಿಯಲು ಸುಲಭದ ಉಪಾಯವೊಂದಿದೆ: ಲೈನ್ಸ್‌ಮನ್, ಅಂದರೆ ಅಂಚಿನ ಗೆರೆಯುದ್ದಕ್ಕೂ ಬಾವುಟ ಹಿಡಿದು ಓಡಾಡುವ ಸಹಾಯಕ ರೆಫರಿ, ಎಲ್ಲಿ ನಿಂತಿದ್ದಾರೆಂದು ನೋಡಿದರೆ ಸಾಕು. ಗೋಲ್‌ಕೀಪರ್‌ನನ್ನೂ ಸೇರಿಸಿ ಎಣಿಸಿದಾಗ ಎದುರಾಳಿ ತಂಡದ ಕೊನೆಯಿಂದ ಎರಡನೆಯ ಆಟಗಾರನಿಗೆ ಸರಿಸಮನಾಗಿ ಇರುವುದೇ ಅವರ ಕೆಲಸವಾದ್ದರಿಂದ, ಅವರ ಬಾವುಟ ಏಳುವ ಮೊದಲೇ ಆಫ್‌ಸೈಡಿನ ಗೆರೆ, ಅಂದರೆ ಪಾಸ್ ಹೊಡೆಯುವ ಕ್ಷಣದಲ್ಲಿ ಸ್ಟ್ರೈಕರ್ ದಾಟಿರಬಾರದ ಗೆರೆ, ನಿಮಗೆ ಅಂದಾಜಾಗಿರುತ್ತದೆ.

ಚೆಂಡನ್ನೇ ನೋಡುವವನಿಗೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ 1970ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ವಿರುದ್ಧ ಬ್ರೆಜಿಲ್ ಹೊಡೆದ ನಾಲ್ಕನೆಯ ಗೋಲಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಪಂದ್ಯ ಮುಗಿಯಲು ನಾಲ್ಕೈದು ನಿಮಿಷವಿದ್ದಾಗ ಪೆಲೆ ಚೆಂಡನ್ನು ತಣ್ಣಗೆ ಬಲಕ್ಕೆ, ಯಾರೂ ಇಲ್ಲದ ಜಾಗಕ್ಕೆ, ಉರುಳಿಸುತ್ತಾರೆ. ಪರದೆಯ ಅಂಚಿನಿಂದ ಕಾರ್ಲೋಸ್ ಆಲ್ಬರ್ಟೊ ಓಡಿಬಂದು ಒದೆಯುವವರೆಗೂ ಆ ಪಾಸ್ ಯಾರಿಗೆಂದು ಟಿ.ವಿ. ನೋಡುಗನಿಗೆ ತಿಳಿಯುವುದಿಲ್ಲ. ಆದರೆ ಆ ಜಾಗ ತೆರವಾದದ್ದು ಅದಕ್ಕೂ ಮೊದಲು. ಬ್ರೆಜಿಲ್‌ನ ಬಲ ವಿಂಗರ್ (ಅಂಚಿನಲ್ಲಿ ಆಡುವ ದಾಳಿಗಾರ) ಜೈರ್ಜಿನ್ಯೊ ತಮ್ಮ ಜಾಗ ಬಿಟ್ಟು ಎಡಕ್ಕೆ ಹೋದಾಗ, ಅವರನ್ನು ಕಾಯುತ್ತಿದ್ದ ಇಟಲಿಯ ಡಿಫೆಂಡರ್ ಫಾಕೆಟ್ಟಿಯೂ ಹಿಂದೆಯೇ ಹೋದರು. ಅಂದು ಮೆಕ್ಸಿಕೊದ ಅಜ್ಟೆಕಾ ಕ್ರೀಡಾಂಗಣದಲ್ಲಿ ಎತ್ತರದಲ್ಲಿ ಕುಳಿತು ಬಲಗಡೆಯ ಆ ಖಾಲಿ ಅಂಗಳವನ್ನು ಗಮನಿಸಿದವರಿಗೆ ಗೋಲು ಕೆಲವು ಕ್ಷಣ ಮೊದಲೇ ಕಂಡಿರಬೇಕು.

ಇನ್ನು ವೇಗದ ಮಾತು. ಚೆಂಡು ಗೋಲಿನ ಸಮೀಪಕ್ಕೆ ಬಂದ ಮೇಲೆ ಜಾಣತನ ಮಾಡಲು ಹೋಗಬೇಡಿ, ಚೆಂಡನ್ನೇ ನೋಡಿ. ಅಂಚಿನಿಂದ ಕ್ರಾಸ್, ಅಂದರೆ ಗೋಲಿನ ಮುಂದಕ್ಕೆ ಹೊಡೆದ ಪಾಸ್, ಬರುವಾಗ ಮಾತ್ರ ವಿಂಗರ್ ತಲೆ ತಗ್ಗಿಸಿ ಕಾಲೆತ್ತಿದ ಕೂಡಲೇ ನೋಟವನ್ನು ಅವನಿಂದ ಕಿತ್ತು ಗೋಲಿನ ಮುಂದಕ್ಕೆ ತನ್ನಿ. ಚೆಂಡು ಹೇಗಿದ್ದರೂ ಅಲ್ಲಿಗೇ ಬರುತ್ತದೆ, ಯಾರು ಮೊದಲು ಓಟ ಕಿತ್ತರೆಂಬುದನ್ನು ಮಾತ್ರ ಮತ್ತೊಮ್ಮೆ ನೋಡಲಾಗದು. ಕಾರ್ನರ್‌ಗೂ ಇದೇ ಮಾತು: ಹೊಡೆಯುವವನನ್ನು ಬಿಟ್ಟು ಗೋಲ್‌ಕೀಪರ್‌ನ ಸುತ್ತ ನಡೆಯುವ ನೂಕಾಟವನ್ನು ನೋಡಿ. ಪೆನಾಲ್ಟಿಯಲ್ಲಿ ನಾನು ಗೋಲ್‌ಕೀಪರ್‌ನ ಪಾದಗಳನ್ನು ನೋಡುತ್ತೇನೆ, ಏಕೆಂದರೆ ಒದೆಯುವ ಕ್ಷಣದವರೆಗೆ ಒಂದು ಪಾದವನ್ನಾದರೂ ಗೆರೆಯಿಂದ ಮುಂದಕ್ಕೆ ದಾಟಿಸದೆ ಇರಬೇಕಾದ ಅವನ ಒದ್ದಾಟ ಅಲ್ಲಿಯೇ ಕಾಣುತ್ತದೆ.

ಆಟ ನಿಂತಿದೆಯೆಂದು ಕಣ್ಣಿಗೆ ರಜೆ ಕೊಡುವುದು ಮಾತ್ರ ಅಪಾಯ. 2023ರ ಮಾರ್ಚ್ 3ರಂದು ಇದೇ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇ ಆಫ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಗಿತ್ತು. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಇನ್ನು ಎದುರಾಳಿಗಳು ಚೆಂಡಿಗೆ ಅಡ್ಡಲಾಗಿ ಸಾಲು ನಿಂತು ಗೋಡೆ ಕಟ್ಟಿ, ಸೀಟಿ ಊದಿ, ಆಮೇಲಲ್ಲವೇ ಎಂದುಕೊಂಡು ನಾನು ಮೊಬೈಲ್ ತೆರೆದೆ. ಬ್ಲಾಸ್ಟರ್ಸ್ ಗೋಲ್‌ಕೀಪರ್ ಇನ್ನೂ ಗೋಡೆಯನ್ನು ಸರಿಪಡಿಸುತ್ತಿರುವಾಗಲೇ ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿದ್ದರು. ಬ್ಲಾಸ್ಟರ್ಸ್ ಆಟಗಾರರು ಪ್ರತಿಭಟಿಸಿ ಮೈದಾನದಿಂದ ಹೊರನಡೆದದ್ದನ್ನು ನಾನು ಪೂರ್ತಿಯಾಗಿ ನೋಡಿದೆ. ಗೋಲನ್ನು ನೋಡಿದ್ದು ಮನೆಗೆ ಬಂದು ಟಿ.ವಿ.ಯಲ್ಲಿ. ಫ್ರೀ ಕಿಕ್ ಪಡೆದ ತಂಡವು ಗೋಡೆಯನ್ನು ದೂರ ಸರಿಸಿರೆಂದು ಕೇಳದಿದ್ದರೆ, ರೆಫರಿ ಕಾಯಿರೆಂದು ಸನ್ನೆ ಮಾಡದಿದ್ದರೆ, ಬೇಗನೆ ಹೊಡೆಯಲು ಅವಕಾಶವಿರುತ್ತದೆ. ಆದ್ದರಿಂದ ಫ್ರೀ ಕಿಕ್ ಸಿಕ್ಕಾಗ ಮೊದಲು ರೆಫರಿಯ ಕೈಯನ್ನೊಮ್ಮೆ ನೋಡಿ, ಆಮೇಲೆ ಬೇಕಿದ್ದರೆ ಕಡಲೆಕಾಯಿ ಬಿಡಿಸಿ.

ಆಸನದ ಬಗ್ಗೆ ಒಂದು ಮಾತು. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮುಂದಿನ ಸಾಲಿಗೆ ಹೋದರೂ ಆಟ ದೂರವೇ ಉಳಿಯುತ್ತದೆ. ಅಲ್ಲದೆ ತಗ್ಗಿನಿಂದ ನೋಡಿದಾಗ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದಂತೆ ಕಂಡು ನಡುವಿನ ಖಾಲಿ ಜಾಗಗಳು ಮಾಯವಾಗುತ್ತವೆ. ಮೇಲಿನ ಸಾಲುಗಳಲ್ಲಿ, ಮಧ್ಯರೇಖೆಗೆ ಆದಷ್ಟು ಹತ್ತಿರ ಕುಳಿತುಕೊಳ್ಳಿ. ಬೈನಾಕ್ಯುಲರ್ ತರುವುದಾದರೆ ಆಟದ ನಡುವೆ ಬಳಸಬೇಡಿ, ಅದು ಕಣ್ಣಂಚನ್ನು ಕತ್ತರಿಸಿಬಿಡುತ್ತದೆ.

ಮಗಳಿಗೆ ಈ ನಿಯಮಗಳನ್ನೆಲ್ಲ ಹೇಳುವ ಅಗತ್ಯವಿಲ್ಲ. ನಿಮ್ಮ ಬದಿಯ ಅಂಚಿನಲ್ಲಿ ಆಡುವ ನಮ್ಮ ತಂಡದ ಡಿಫೆಂಡರ್‌ನನ್ನು ತೋರಿಸಿ, ಐದು ನಿಮಿಷ ಅವನನ್ನು ಮಾತ್ರ ನೋಡಿ ಅವನು ಎಷ್ಟು ಸಲ ಕೈ ಎತ್ತಿ ಪಾಸ್ ಕೇಳಿದ, ಎಷ್ಟು ಸಲ ಸಿಕ್ಕಿತು ಎಂದು ಎಣಿಸಲು ಹೇಳಿ. ವಿರಾಮದ ನಂತರ ತಂಡಗಳು ಬದಿ ಬದಲಿಸುವುದರಿಂದ ಅವನು ಆಚೆ ದಡಕ್ಕೆ ಹೋಗಿರುತ್ತಾನೆ. ಆಗ ಈಚೆಗೆ ಬಂದ ಇನ್ನೊಬ್ಬನನ್ನು ಅವಳೇ ಆರಿಸಿಕೊಳ್ಳಲಿ.