ಸಂಪಾದಕರ ಉತ್ತರ: ತುಂಬಿದ ಶಾಲೆಯ ಪಕ್ಕದ ಮನೆ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರ ಆಯಿತು. ತಡವಾದದ್ದಕ್ಕೆ ಕ್ಷಮಿಸಿ. ಎರಡು ಸಲ ಬರೆಯಲು ಕೂತು ಎದ್ದೆ. ಮನೆ ಎಂದರೆ ಜೀವಮಾನದ ದುಡ್ಡು, ಶಾಲೆ ಎಂದರೆ ಮಕ್ಕಳ ಬದುಕು. ಸುಮ್ನೆ ಏನೋ ಒಂದು ಹೇಳಿ ಕೈ ತೊಳೆದುಕೊಳ್ಳುವ ವಿಷಯ ಅಲ್ಲ ಇದು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದಲ್ಲಿ ಇರುವುದನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮಗೆ ನಾಲ್ಕು ವರ್ಷದ ಮಗಳು, ಒಂದು ವರ್ಷದ ಮಗ. ಊರಿನ ಹೊರವಲಯದಲ್ಲಿ ಎರಡು ಮನೆ ನೋಡಿದ್ದೀರಿ. ಒಂದು ಹಳೆಯ ಬಡಾವಣೆಯಲ್ಲಿದೆ. ದೊಡ್ಡ ಮರಗಳು, ದೊಡ್ಡ ಮನೆಗಳು, ಹೆಸರುವಾಸಿ ಶಾಲೆ. ಅಲ್ಲಿಯ ಅತಿ ಚಿಕ್ಕ ಮನೆ ಕೊಂಡರೂ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಕಂತಿಗೇ ಹೋಗುತ್ತದೆ. ಇನ್ನೊಂದು ಈಗಷ್ಟೇ ಬೆಳೆಯುತ್ತಿರುವ ಬಡಾವಣೆ. ಫ್ಲ್ಯಾಟು, ಸಾಲುಮನೆ, ಬಂಗಲೆ ಎಲ್ಲ ಬೆರೆತಿವೆ. ಕಂತು ಕಟ್ಟಿದ ಮೇಲೂ ಕೈಯಲ್ಲಿ ದುಡ್ಡು ಉಳಿಯುತ್ತದೆ. ಆದರೆ ಶಾಲೆ ತುಂಬಿ ತುಳುಕುತ್ತಿದೆ, ಆಟದ ಬಯಲಿನಲ್ಲಿ ತಾತ್ಕಾಲಿಕ ಕೊಠಡಿಗಳು ಎದ್ದಿವೆ. ನಿಮ್ಮ ಪತಿಗೆ ಮೊದಲನೆಯದು ಇಷ್ಟ. ನಿಮ್ಮ ಮನಸ್ಸು ಎರಡನೆಯದರ ಕಡೆ ಇದೆ, ಧೈರ್ಯ ಸಾಲುತ್ತಿಲ್ಲ. "ಮಗಳ ಓದಿನ ಜೊತೆ ಜೂಜಾಡಿದ ಹಾಗೆ ಆಗಲ್ವಾ?" ಎಂದು ಕೇಳಿದ್ದೀರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾನಾಗಿದ್ದರೆ ಎರಡನೆಯದನ್ನೇ ಆರಿಸುತ್ತಿದ್ದೆ. ಆದರೆ ಕೆಲವು ವಿಷಯ ಖಾತ್ರಿ ಮಾಡಿಕೊಳ್ಳದೆ ಮುಂಗಡ ಕೊಡುತ್ತಿರಲಿಲ್ಲ.

ಶಾಲೆಯ ನೂಕುನುಗ್ಗಲಿನ ಬಗ್ಗೆ ನಿಮಗಿರುವ ಭಯ ಸುಳ್ಳಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ಒಂದು ದೊಡ್ಡ ಪ್ರಯೋಗ ನಡೆಯಿತು. 79 ಶಾಲೆಗಳಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವರು 13ರಿಂದ 17 ಮಕ್ಕಳಿರುವ ತರಗತಿಗೆ ಹೋದರು, ಉಳಿದವರು 22ರಿಂದ 25 ಮಕ್ಕಳಿರುವ ತರಗತಿಗೆ. ಚಿಕ್ಕ ತರಗತಿಯ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದೆ ಬಂದರು. ಬಡ ಮನೆಯ ಮಕ್ಕಳಿಗೆ ಅದರಿಂದ ಇನ್ನೂ ಜಾಸ್ತಿ ಅನುಕೂಲ ಆಯಿತು. ಆ ಪ್ರಯೋಗದಲ್ಲಿದ್ದವರು ಶಿಶುವಿಹಾರದಿಂದ ಮೂರನೇ ತರಗತಿವರೆಗಿನ ಮಕ್ಕಳು. ಹೆಚ್ಚುಕಡಿಮೆ ನಿಮ್ಮ ಮಗಳು ಈಗ ಕಾಲಿಡುತ್ತಿರುವ ವಯಸ್ಸೇ.

ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ಶಾಲೆ ತುಂಬಿರುವುದು ಬೇರೆ, ತರಗತಿ ತುಂಬಿರುವುದು ಬೇರೆ. ಬಯಲಿನಲ್ಲಿ ಎದ್ದಿರುವ ಆ ಕೊಠಡಿಗಳನ್ನು ನೋಡಿ ನಿಮಗೆ ಗಾಬರಿಯಾಗಿದೆ. ನನಗೆ ಅದರಲ್ಲಿ ಸ್ವಲ್ಪ ಸಮಾಧಾನವೂ ಕಾಣುತ್ತದೆ. ಮಕ್ಕಳು ಹೆಚ್ಚಾದಾಗ ಇದ್ದ ಕೋಣೆಗಳಲ್ಲೇ ತುರುಕದೆ ಇನ್ನೊಂದು ಸೆಕ್ಷನ್ ಮಾಡಿದ್ದಾರೆ ಅಂತ ಅದರ ಅರ್ಥ ಇರಬಹುದು. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಶಾಲೆಯಲ್ಲೇ ಒಂದೊಂದು ಬೆಂಚಿಗೆ ಇಬ್ಬರು ಹೆಚ್ಚು ಕೂತಿರಬಹುದು. ಹಾಗಾಗಿ ಒಟ್ಟು ಮಕ್ಕಳ ಸಂಖ್ಯೆ ಕೇಳಬೇಡಿ. ಒಂದನೇ ತರಗತಿಯ ಒಂದು ಸೆಕ್ಷನ್ನಿನಲ್ಲಿ ಎಷ್ಟು ಮಕ್ಕಳು ಅಂತ ಕೇಳಿ.

ನನ್ನ ಮಗ ಓದಿದ್ದೂ ಇಂಥದೇ ಶಾಲೆಯಲ್ಲಿ. ನಾವು ಆ ಬಡಾವಣೆಗೆ ಹೋದ ವರ್ಷ ಶಾಲೆಯ ಲೈಬ್ರರಿಯನ್ನು ತರಗತಿ ಮಾಡಿದ್ದರು. ಪುಸ್ತಕದ ಕಪಾಟುಗಳನ್ನು ಪಡಸಾಲೆಗೆ ತಂದು ಗೋಡೆಗೆ ಒರಗಿಸಿದ್ದರು. ನೋಡಿ ನನಗೆ ಹೊಟ್ಟೆ ಉರಿದಿತ್ತು. ಆದರೆ ಮಕ್ಕಳು ಸಾಲಿನಲ್ಲಿ ನಿಂತಾಗ, ಕೈ ತೊಳೆಯಲು ಕಾಯುವಾಗ, ಕಪಾಟಿನಿಂದ ಪುಸ್ತಕ ಎಳೆದು ನಿಂತಲ್ಲೇ ಓದುತ್ತಿದ್ದರು. ಜಾಗ ಕಮ್ಮಿ ಇದ್ದದ್ದರಿಂದ ಮಗನಿಗೆ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಅವನ ಎರಡನೇ ತರಗತಿಯ ವರ್ಷ. ಒಂದೇ ವರ್ಷದಲ್ಲಿ ಮೂರು ಜನ ಟೀಚರ್ ಬದಲಾದರು. ಮೂರನೆಯವರು ಬರುವ ಹೊತ್ತಿಗೆ ಅವನು ಕೈ ಎತ್ತಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದ. "ಯಾಕೋ?" ಅಂದರೆ "ಇವರೂ ಹೋಗ್ತಾರೆ" ಎಂದ. ಆ ಮಾತು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಕೊಠಡಿಗಿಂತ ಮೊದಲು ಶಿಕ್ಷಕರ ಬಗ್ಗೆ ವಿಚಾರಿಸಿ. 1996ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಚಿಕ್ಕ ಮಕ್ಕಳ ತರಗತಿಗಳನ್ನು 20ಕ್ಕೆ ಇಳಿಸುವ ಶಾಲೆಗಳಿಗೆ ಹೆಚ್ಚಿನ ಹಣ ಕೊಡಲು ಶುರುಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಒಂದೇ ಸಲಕ್ಕೆ ಸಾವಿರಾರು ಶಿಕ್ಷಕರು ಬೇಕಾದರು. ಪೂರ್ತಿ ತರಬೇತಿ ಆಗದವರನ್ನೂ ಸೇರಿಸಿಕೊಳ್ಳಬೇಕಾಯಿತು, ಬಡವರಿರುವ ಕಡೆಯ ಶಾಲೆಗಳಿಗೆ ಇದರ ಪೆಟ್ಟು ಜಾಸ್ತಿ ಬಿತ್ತು. ಗೋಡೆ ಬೇಗ ಎಬ್ಬಿಸಬಹುದು, ಒಳ್ಳೆ ಟೀಚರನ್ನು ತಯಾರು ಮಾಡಲು ವರ್ಷಗಳು ಬೇಕು. ಮುಖ್ಯೋಪಾಧ್ಯಾಯರನ್ನು ಭೇಟಿಯಾದಾಗ, ಕಳೆದ ವರ್ಷ ಮಧ್ಯದಲ್ಲೇ ಬಿಟ್ಟು ಹೋದ ಶಿಕ್ಷಕರು ಎಷ್ಟು ಜನ ಅಂತ ಸಂಕೋಚ ಇಲ್ಲದೆ ಕೇಳಿ. ಅವರು ಕೊಡುವ ಸಂಖ್ಯೆ ಮಾತ್ರ ಅಲ್ಲ, ಹೇಗೆ ಉತ್ತರ ಕೊಡುತ್ತಾರೆ ಅನ್ನುವುದನ್ನೂ ನೋಡಿ.

ಇನ್ನು ಬಡಾವಣೆ ಬೆಳೆಯುವ ಮಾತು. ಹೊಸ ಬಡಾವಣೆಗೆ ಬಹುಪಾಲು ಒಂದೇ ವಯಸ್ಸಿನ ಸಂಸಾರಗಳು ಒಟ್ಟಿಗೆ ಬಂದು ಸೇರುತ್ತವೆ. ಮೊದಲು ಪ್ರಾಥಮಿಕ ಶಾಲೆ ತುಂಬುತ್ತದೆ. ಐದಾರು ವರ್ಷ ಆದ ಮೇಲೆ ಅದೇ ಮಕ್ಕಳ ಅಲೆ ಹೈಸ್ಕೂಲಿಗೆ ನುಗ್ಗುತ್ತದೆ. ಆಮೇಲೆ ಕೆಳಗಿನ ತರಗತಿಗಳು ನಿಧಾನಕ್ಕೆ ಖಾಲಿಯಾಗುತ್ತವೆ. ನಿಮ್ಮ ಮಗಳು ಅಲೆಯ ನೆತ್ತಿಯಲ್ಲಿ ಇರುತ್ತಾಳೆ. ಮೂರು ವರ್ಷ ಚಿಕ್ಕವನಾದ ಮಗನ ಹೊತ್ತಿಗೆ ಅಲೆ ಇಳಿದಿರಬಹುದು, ಇಳಿಯದೆಯೂ ಇರಬಹುದು. ಅದು ಗೊತ್ತಾಗುವುದು ಶಾಲೆಯಲ್ಲಲ್ಲ, ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವ ಕಚೇರಿಯಲ್ಲಿ. ಒಂದು ದಿನ ರಜೆ ಹಾಕಿ ಅಲ್ಲಿಗೆ ಹೋಗಿ. ಒಪ್ಪಿಗೆ ಸಿಕ್ಕಿ ಇನ್ನೂ ಕಟ್ಟದ ಮನೆಗಳು ಎಷ್ಟಿವೆ? ಶಾಲೆಗೆ ಅಂತ ಜಾಗ ಬಿಟ್ಟಿದ್ದಾರಾ? ಆ ಜಾಗ ನಕ್ಷೆಯಲ್ಲಿ ಬರೀ ಬಣ್ಣ ಬಳಿದ ಚೌಕವೋ, ಕಟ್ಟಲು ಹಣವೂ ತೆಗೆದಿಟ್ಟಿದ್ದಾರೋ? ಮನೆ ಮಾರುವವರು ತೋರಿಸುವ ಬಣ್ಣದ ಪುಸ್ತಕದಲ್ಲಿ ಶಾಲೆ ಯಾವಾಗಲೂ ಇರುತ್ತದೆ. ನೀವು ನೋಡಬೇಕಾದ್ದು ಕಚೇರಿಯ ಕಾಗದ.

ಹಳೆಯ ಬಡಾವಣೆ ಇದರಿಂದ ತಪ್ಪಿಸಿಕೊಂಡಿದೆ ಅಂದುಕೊಳ್ಳಬೇಡಿ. ಅಲ್ಲಿ ಇವತ್ತು ವಯಸ್ಸಾದವರು ಇದ್ದಾರೆ. ಅವರು ಮನೆ ಮಾರಿದಾಗ ಬರುವವರು ನಿಮ್ಮಂಥವರೇ, ಚಿಕ್ಕ ಮಕ್ಕಳನ್ನು ಎತ್ತಿಕೊಂಡು. ಇನ್ನೊಂದು ವಿಷಯ, ಮನೆಯ ವಿಳಾಸದ ಮೇಲೆ ಶಾಲೆ ಹಂಚುವ ಕಡೆ ಒಂದು ಶಾಲೆ ತುಂಬಿದರೆ ಅದರ ಗಡಿಯನ್ನೇ ಹೊಸದಾಗಿ ಎಳೆಯುತ್ತಾರೆ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಉಪನಗರಗಳಲ್ಲಿ, ಇಂಥ ಗಡಿಯ ಆಚೆಈಚೆ ಇರುವ ಮನೆಗಳ ಬೆಲೆ ಹೋಲಿಸಿ ನೋಡಿದರು. ಶಾಲೆಯ ಪರೀಕ್ಷೆಯ ಅಂಕ ಶೇ 5ರಷ್ಟು ಹೆಚ್ಚಿದ್ದ ಕಡೆ ತಂದೆ ತಾಯಿ ಮನೆಗೆ ಶೇ 2.5ರಷ್ಟು ಹೆಚ್ಚು ಕೊಟ್ಟಿದ್ದರು. ಅಷ್ಟು ದುಡ್ಡು ಕೊಟ್ಟು ಕೊಂಡ ಗೆರೆ ನಾಳೆ ಜರುಗಿದರೆ ಯಾರೂ ಹಣ ವಾಪಸ್ ಕೊಡುವುದಿಲ್ಲ.

ಆ ಅಂಕಗಳ ಬಗ್ಗೆಯೂ ಒಂದು ಮಾತು. ನಿಮ್ಮ ಪತಿ ಎರಡೂ ಶಾಲೆಗಳ ಸರಾಸರಿ ಅಂಕ ಪಕ್ಕಪಕ್ಕ ಬರೆದು ತೋರಿಸಿದ್ದಾರೆ ಅಂದಿರಿ. ಸರಾಸರಿ ಅಂಕ ಹೇಳುವುದು ಬಹುಮಟ್ಟಿಗೆ ಮಕ್ಕಳು ಯಾವ ಮನೆಗಳಿಂದ ಬಂದರು ಎಂಬುದನ್ನು. ಶಾಲೆ ಅವರಿಗೆ ಏನು ಕಲಿಸಿತು ಅನ್ನುವುದು ಬೇರೆ ಲೆಕ್ಕ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಷಾನ್ ರಿಯರ್ಡನ್ 2017ರಲ್ಲಿ ಶಿಕಾಗೋದ ಸರ್ಕಾರಿ ಶಾಲೆಗಳನ್ನು ಹೀಗೇ ನೋಡಿದರು. ಅಲ್ಲಿಯ ಮಕ್ಕಳ ಅಂಕ ದೇಶದ ಸರಾಸರಿಗಿಂತ ಕಮ್ಮಿ. ಆದರೆ ಮೂರನೇ ತರಗತಿಯಿಂದ ಎಂಟನೇ ತರಗತಿವರೆಗಿನ ಐದು ವರ್ಷದಲ್ಲಿ ಅವರು ಆರು ವರ್ಷದಷ್ಟು ಕಲಿತಿದ್ದರು. ಹೊಸ ಬಡಾವಣೆಯ ಶಾಲೆಯಲ್ಲಿ ಒಂದನೇ ತರಗತಿಗೆ ಓದಲು ಬಾರದೆ ಬಂದ ಮಗು ಮೂರನೇ ತರಗತಿಗೆ ಎಲ್ಲಿಗೆ ಮುಟ್ಟಿದೆ? ಕೇಳಬೇಕಾದ ಪ್ರಶ್ನೆ ಇದು.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟಿದ್ದೀರಿ. "ಅಲ್ಲಿ ಎಲ್ಲ ಥರದ ಜನ ಇದ್ದಾರೆ, ಅದೇ ಸ್ವಲ್ಪ..." ಅಂತ. ಬರೆದು ನಿಲ್ಲಿಸಿದ್ದೀರಿ, ಹೊಡೆದು ಹಾಕಿಲ್ಲ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ನಿಮ್ಮ ಮನಸ್ಸಿನ ಅಳುಕು ಬಹಳ ಜನರಿಗೆ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಮೊದಲು ದೊಡ್ಡ ಮನೆಗಳ ಬೀದಿಯಲ್ಲಿ ನಿಮ್ಮ ಸಂಸಾರವನ್ನು ಇಟ್ಟು ನೋಡಿ. ನೆದರ್ಲೆಂಡ್ಸ್‌ನಲ್ಲಿ ಪಿನ್‌ಕೋಡಿನ ಮೇಲೆ ನಡೆಯುವ ಲಾಟರಿ ಒಂದಿದೆ. ಗೆದ್ದ ಪಿನ್‌ಕೋಡಿನಲ್ಲಿ ಟಿಕೆಟ್ ಕೊಂಡವರಿಗೆಲ್ಲ ಹಣ, ಅವರಲ್ಲಿ ಒಬ್ಬರಿಗೆ ಹೊಸ ಕಾರು. ಸಂಶೋಧಕರು ಹೋಗಿ ನೋಡಿದರೆ, ಟಿಕೆಟ್ಟೇ ಕೊಳ್ಳದ ಪಕ್ಕದ ಮನೆಯವರೂ ಹೊಸ ಕಾರು ಕೊಳ್ಳುವುದು ಹೆಚ್ಚಾಗಿತ್ತು. ಅವರ ಕೈಗೆ ಒಂದು ಕಾಸೂ ಬಂದಿರಲಿಲ್ಲ. ಅಕ್ಕಪಕ್ಕದವರನ್ನು ನೋಡಿ ಬದುಕುವುದು ಮನುಷ್ಯ ಸ್ವಭಾವ. ದೊಡ್ಡವರೇ ಹೀಗಾದರೆ ಮಕ್ಕಳು? ರಜೆ ಮುಗಿದ ಮೊದಲ ದಿನ ತರಗತಿಯಲ್ಲಿ "ಎಲ್ಲಿಗೆ ಹೋಗಿದ್ರಿ?" ಅಂತ ಕೇಳುತ್ತಾರೆ. ಪ್ರತಿ ವರ್ಷ "ಎಲ್ಲೂ ಇಲ್ಲ" ಅನ್ನುವ ಒಬ್ಬಳೇ ಹುಡುಗಿ ನಿಮ್ಮ ಮಗಳಾದರೆ, ಸಂಬಳದ ಅರ್ಧಕ್ಕಿಂತ ಜಾಸ್ತಿ ಕಂತಿಗೆ ಕಟ್ಟಿ ನೀವು ಅವಳಿಗೆ ಕೊಡಿಸಿದ್ದು ಏನು?

ಬೆರೆತ ಬಡಾವಣೆಯ ಬಗ್ಗೆ ಒಳ್ಳೆಯ ಆಧಾರ ಇದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಜೊತೆಗಾರರು 2022ರಲ್ಲಿ ಅಮೆರಿಕದ ಫೇಸ್‌ಬುಕ್ ಬಳಕೆದಾರರ 2,100 ಕೋಟಿ ಸ್ನೇಹಗಳನ್ನು ಅಧ್ಯಯನ ಮಾಡಿದರು. ಕಮ್ಮಿ ಆದಾಯದ ಮನೆಯ ಮಕ್ಕಳು ಮುಂದೆ ಮೇಲೆ ಬರುವುದಕ್ಕೂ, ಆ ಊರಿನಲ್ಲಿ ಬಡವರು ಉಳ್ಳವರ ನಡುವೆ ಗೆಳೆತನ ಎಷ್ಟಿದೆ ಅನ್ನುವುದಕ್ಕೂ ಗಟ್ಟಿ ನಂಟು ಕಂಡಿತು. ಆದರೆ ಒಂದೇ ಬಡಾವಣೆಯಲ್ಲಿ ಇದ್ದ ಮಾತ್ರಕ್ಕೆ ಗೆಳೆತನ ಆಗಿಬಿಡುವುದಿಲ್ಲ. ಒಟ್ಟಿಗೆ ಸಿಕ್ಕರೂ ಜನ ತಮ್ಮಂಥವರನ್ನೇ ಹುಡುಕಿಕೊಳ್ಳುತ್ತಾರೆ ಅನ್ನುವುದನ್ನೂ ಅದೇ ಅಧ್ಯಯನ ತೋರಿಸಿತು. ಹಾಗಾಗಿ ಆ ಹೊಸ ಬಡಾವಣೆಯಲ್ಲಿ ಒಂದು ಸಂಜೆ ಸುತ್ತಾಡಿ. ಬಂಗಲೆಗಳ ಸುತ್ತ ಬೇರೆ ಗೋಡೆ, ಬೇರೆ ಗೇಟು ಇದೆಯಾ? ಪಾರ್ಕು ಎಲ್ಲರಿಗೂ ಒಂದೇನಾ? ಜೋಕಾಲಿಯ ಹತ್ತಿರ ಫ್ಲ್ಯಾಟಿನ ಮಗು, ಬಂಗಲೆಯ ಮಗು ತಮ್ಮ ಸರದಿಗೆ ಜಗಳ ಆಡುತ್ತಿದ್ದರೆ ಖುಷಿಪಡಿ. ಒಂದೇ ಶಾಲೆಗೆ ಹೋಗುವ ಮಕ್ಕಳು ಹಾಗೆ ಜಗಳ ಆಡಿಯೇ ಗೆಳೆಯರಾಗುತ್ತಾರೆ.

ನಿಮ್ಮ ಪತಿಯ ಜೊತೆ ಈ ಉತ್ತರ ಹಿಡಿದುಕೊಂಡು ವಾದ ಮಾಡಬೇಡಿ, ದಯವಿಟ್ಟು. ಮಕ್ಕಳಿಗೆ ತಮ್ಮ ಕೈಲಾದ ಅತ್ಯುತ್ತಮವನ್ನೇ ಕೊಡಬೇಕು ಅನ್ನುವುದು ಅವರ ಆಸೆ, ಅದರಲ್ಲಿ ತಪ್ಪೇನಿಲ್ಲ. ಬದಲಿಗೆ ಒಂದು ಕೆಲಸ ಮಾಡಿ. ಮೂರು ತಿಂಗಳು, ಮೊದಲ ಮನೆಯ ಕಂತು ಎಷ್ಟಾಗುತ್ತದೋ ಅದರಲ್ಲಿ ಈಗಿನ ಮನೆಯ ಖರ್ಚು ಕಳೆದು, ಉಳಿದದ್ದನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿಬಿಡಿ. ಅದನ್ನು ಮುಟ್ಟದೆ ಸಂಸಾರ ನಡೆಸಿ. ಮಗುವಿಗೆ ಜ್ವರ ಬರುತ್ತದೆ, ಗಾಡಿ ರಿಪೇರಿಗೆ ಬರುತ್ತದೆ, ಯಾರದೋ ಮದುವೆ ಬರುತ್ತದೆ. ಮೂರನೇ ತಿಂಗಳ ಕೊನೆಗೆ ಇಬ್ಬರೂ ಕೂತು ಮಾತಾಡಿ. ಆಗ ಅವರೇ ಏನು ಹೇಳುತ್ತಾರೋ ಕೇಳಿ.

ಕಚೇರಿಯಲ್ಲಿ ಶಾಲೆಗೆ ಜಾಗವೂ ಇಲ್ಲ, ಹಣವೂ ಇಲ್ಲ, ಇನ್ನೂ ನೂರಾರು ಮನೆಗಳಿಗೆ ಒಪ್ಪಿಗೆ ಮಾತ್ರ ಸಿಕ್ಕಿದೆ ಅಂತ ಗೊತ್ತಾದರೆ, ನಾನು ಮೇಲೆ ಹೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟು ಕೊಳ್ಳುವುದನ್ನು ಮುಂದಕ್ಕೆ ಹಾಕಿ. ಅದೇ ಬಡಾವಣೆಯಲ್ಲಿ ಒಂದು ವರ್ಷ ಬಾಡಿಗೆಗೆ ಇರಿ. ಮಗಳು ಶಾಲೆಗೆ ಹೋಗಿ ಬರಲಿ. ಅವಳ ಟೀಚರ್ ಹೆಸರು ವರ್ಷದ ಕೊನೆಯವರೆಗೂ ಅದೇ ಇತ್ತಾ ಅಂತ ನನಗೂ ಒಂದು ಸಾಲು ಬರೆದು ತಿಳಿಸಿ.

ನಿಮ್ಮ,
ಸಂಪಾದಕ