ಟ್ರಮಡಾಲ್ ಆಗದ ಅಮ್ಮನಿಗೆ ಮಂಡಿ ಆಪರೇಷನ್

ಪ್ರಶ್ನೆ: ಮೇಡಂ, ನಮ್ಮ ಅಮ್ಮನಿಗೆ 66 ವರ್ಷ. ಬಿಪಿ, ಶುಗರ್ ಎರಡೂ ಇವೆ. ಹಿಂದೆ ಪಿತ್ತಕೋಶದ ಆಪರೇಷನ್ ಆದಾಗ ನೋವಿಗೆ ಟ್ರಮಡಾಲ್ ಇಂಜೆಕ್ಷನ್ ಕೊಟ್ಟಿದ್ದರು. ರಾತ್ರಿಯಿಡೀ ವಾಂತಿ, ತಲೆಸುತ್ತು, ಮೂಗಿನ ಸುತ್ತ ಕಡಿತ. ಡಿಸ್ಚಾರ್ಜ್ ಚೀಟಿಯಲ್ಲಿ ‘ಟ್ರಮಡಾಲ್ ಅಲರ್ಜಿ’ ಎಂದು ಬರೆದಿದ್ದಾರೆ. ಈಗ ಮಂಡಿ ಕೀಲು ಬದಲಿಸಬೇಕಂತೆ. ಟ್ರಮಡಾಲ್ ಮಾರ್ಫಿನ್ ಜಾತಿಯದಂತೆ. ಆ ಜಾತಿಯ ಔಷಧಿಗಳೇ ಆಗದಿದ್ದರೆ ಅಷ್ಟು ನೋವು ತಡೆಯುವುದು ಹೇಗೆ? ಮಾರ್ಫಿನ್ ಗಸಗಸೆಯಿಂದ ಬರುತ್ತದೆ ಎಂದು ಕೇಳಿ ಪಾಯಸವನ್ನೂ ನಿಲ್ಲಿಸಿದ್ದೇವೆ.
– ಒಬ್ಬ ಮಗಳು, ದಾವಣಗೆರೆ

ಉತ್ತರ: ಪಾಯಸದ ವಿಷಯ ಮೊದಲು ಮುಗಿಸೋಣ. ಮಾರ್ಫಿನ್ ಇರುವ ಅಫೀಮು ಸಿಗುವುದು ಗಸಗಸೆಯ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಬೀಜದಲ್ಲಿ ಅದರ ಅಂಶ ತೀರಾ ಕಡಿಮೆ. ಟ್ರಮಡಾಲ್ ಅಂತೂ ಕಾರ್ಖಾನೆಯಲ್ಲಿ ತಯಾರಿಸುವ ಔಷಧಿ. ಇಷ್ಟು ವರ್ಷ ಪಾಯಸ ತಿಂದು ಅಮ್ಮನಿಗೆ ಏನೂ ಆಗಿಲ್ಲ ಅಲ್ವಾ? ಹಾಗಿದ್ದರೆ ಕೊಡಿ. ಶುಗರ್ ಇರುವುದರಿಂದ ಬೆಲ್ಲದ ಮೇಲೆ ಮಾತ್ರ ಗಮನವಿರಲಿ.

ನಾನು ಅರಿವಳಿಕೆ ಡಾಕ್ಟರ್. ಯಾರಾದರೂ ‘ಅಲರ್ಜಿ ಇದೆ’ ಎಂದರೆ ‘ಆವತ್ತು ಏನಾಯಿತು?’ ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಮಾರ್ಫಿನ್ ಜಾತಿಯ ಔಷಧಿಗಳಿಂದ ವಾಂತಿ, ತಲೆಸುತ್ತು, ಮಂಪರು, ಮಲಬದ್ಧತೆ ಆಗುವುದು ಅಡ್ಡಪರಿಣಾಮ. ಮುಖ, ಮೂಗು ಕಡಿಯುವುದೂ ಎಷ್ಟೋ ಸಲ ಅಷ್ಟೇ. ನಿಜವಾದ ಅಲರ್ಜಿ ಬೇರೆ. ಸಾಮಾನ್ಯವಾಗಿ ಔಷಧಿ ಕೊಟ್ಟ ಕೆಲವು ನಿಮಿಷದಿಂದ ಒಂದು ಗಂಟೆಯೊಳಗೆ ಮೈತುಂಬ ದದ್ದು ಏಳುತ್ತದೆ, ತುಟಿ, ನಾಲಗೆ ಊದುತ್ತದೆ, ಉಸಿರು ಕಟ್ಟುತ್ತದೆ, ಬಿಪಿ ಕುಸಿಯುತ್ತದೆ. ಈ ಔಷಧಿಗಳಲ್ಲಿ ಅದು ಅಪರೂಪ. ನೀವು ಬರೆದದ್ದು ನನಗೆ ಅಡ್ಡಪರಿಣಾಮದ ಹಾಗೆ ಕಾಣುತ್ತಿದೆ. ಆದರೆ ಒಂದು ಪತ್ರ ಓದಿ ಆ ಹಣೆಪಟ್ಟಿ ತೆಗೆಯಲು ನನಗೂ ಹಕ್ಕಿಲ್ಲ, ನೀವೂ ತೆಗೆಯಬೇಡಿ. ಹಳೆಯ ಚೀಟಿ ನೋಡಿ, ಈಗ ಆಪರೇಷನ್ ಮಾಡುವ ಆಸ್ಪತ್ರೆಯ ಅರಿವಳಿಕೆ ಡಾಕ್ಟರ್ ತೀರ್ಮಾನಿಸಲಿ. ಟ್ರಮಡಾಲ್ ಆಗದವರಿಗೆ ಅದೇ ಜಾತಿಯ ಫೆಂಟನಿಲ್ ಆಗಬಹುದು. ಎರಡರ ರಚನೆಯೇ ಬೇರೆ. ಆದರೆ ಅದನ್ನು ಕೊಟ್ಟು ನೋಡುವ ಜಾಗ ಆಸ್ಪತ್ರೆ ಮಾತ್ರ.

ಸಮಾಧಾನದ ಸಂಗತಿ ಏನೆಂದರೆ, ಮಂಡಿ ಆಪರೇಷನ್ನಿನಲ್ಲಿ ನೋವು ತಡೆಯುವ ದೊಡ್ಡ ಕೆಲಸವನ್ನು ಮಾರ್ಫಿನ್ ಜಾತಿಯ ಔಷಧಿ ಇಲ್ಲದೆಯೇ ಮಾಡಬಹುದು. ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಅದಕ್ಕೆ ಫೆಂಟನಿಲ್ ಅಥವಾ ಮಾರ್ಫಿನ್ ಸ್ವಲ್ಪ ಸೇರಿಸುವ ರೂಢಿ ಇದೆ, ಆದ್ದರಿಂದ ಅಮ್ಮನ ವಿಷಯ ಮೊದಲೇ ಹೇಳಿ. ಸೇರಿಸದೆಯೂ ಮಾಡಬಹುದು. ಜೊತೆಗೆ ‘ಅಡಕ್ಟರ್ ಕೆನಾಲ್ ಬ್ಲಾಕ್’ ಬಗ್ಗೆ ಕೇಳಿ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ತೊಡೆಯ ನಡುಭಾಗದ ನರದ ಸುತ್ತ ಮರಗಟ್ಟುವ ಔಷಧಿ ಬಿಡುತ್ತಾರೆ. ತೊಡೆಯ ಬಲ ಹೆಚ್ಚು ಕುಂದುವುದಿಲ್ಲ, ಬೇಗ ಎದ್ದು ನಡೆಸಬಹುದು. ಸಣ್ಣ ನಳಿಕೆ ಇಟ್ಟರೆ ಒಂದೆರಡು ದಿನ ಔಷಧಿ ಹರಿಸುತ್ತಲೇ ಇರಬಹುದು. ಸರ್ಜನ್ ಕೂಡ ಕೀಲಿನ ಸುತ್ತ ರೋಪಿವಕೇನ್‌ನಂಥ ಮರಗಟ್ಟಿಸುವ ಔಷಧಿ ಚುಚ್ಚುತ್ತಾರೆ. ಐಸ್ ಪ್ಯಾಕನ್ನೂ ಹಗುರವಾಗಿ ನೋಡಬೇಡಿ.

ಮಾತ್ರೆಗಳಲ್ಲಿ ಬುನಾದಿ ಪ್ಯಾರಸಿಟಮಾಲ್. ಅದನ್ನು ಹೊತ್ತುಹೊತ್ತಿಗೆ ಕೊಡಬೇಕು, ನೋವು ಏರಿದ ಮೇಲೆ ಅಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ 50 ಕೆಜಿಗಿಂತ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಡೋಲೊ 650 ಜೊತೆ ಬೇರೆ ನೋವಿನ ಮಾತ್ರೆ ಕೊಟ್ಟಿದ್ದರೆ ಅದರಲ್ಲೂ ಪ್ಯಾರಸಿಟಮಾಲ್ ಸೇರಿದೆಯಾ ನೋಡಿ, ಲೆಕ್ಕ ಎರಡೂ ಸೇರಿಸಿಯೇ.

ಡಿಕ್ಲೋಫೆನಾಕ್, ಐಬುಪ್ರೊಫೆನ್ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಬಿಪಿ, ಶುಗರ್ ಇರುವವರಿಗೆ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡದೆ ಬೇಡ. ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಇವುಗಳ ಜೊತೆ ಈ ನೋವಿನ ಮಾತ್ರೆಯೂ ಸೇರಿದರೆ ಕಿಡ್ನಿಗೆ ಪೆಟ್ಟು. ಪ್ರೆಗಾಬಲಿನ್ ನರದ ಉರಿನೋವಿಗೆ ಸರಿ, ಆದರೆ ವಯಸ್ಸಾದವರಿಗೆ ಸುಮ್ನೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಮಂಪರಿನಲ್ಲಿ ಬಾತ್‌ರೂಮಿಗೆ ಹೋಗುವಾಗ ಬಿದ್ದರೆ ಹೊಸ ಮಂಡಿಯ ಗತಿಯೇನು?

ಮನೆಗೆ ಬಂದ ಮೇಲೂ ಎಚ್ಚರ ಬೇಕು. ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಒಂದೇ ಮಾತ್ರೆಯಲ್ಲಿ ಬರುತ್ತವೆ. ಬ್ರ್ಯಾಂಡ್ ಹೆಸರು ನಂಬದೆ ಸ್ಟ್ರಿಪ್‌ನ ಸಣ್ಣಕ್ಷರ ಓದಿ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಮಾರ್ಫಿನ್ ಜಾತಿಯದೇ ಆದ ಕೋಡೀನ್ ಇರುತ್ತದೆ. 2018ರಿಂದ ಟ್ರಮಡಾಲ್ ಮಾದಕವಸ್ತು ಕಾನೂನಿನಡಿ ಇದೆ, ಚೀಟಿ ಇಲ್ಲದೆ ಅಂಗಡಿಯವರು ಕೊಡುವ ಹಾಗಿಲ್ಲ.

ಆಪರೇಷನ್ ದಿನದ ತನಕ ಕಾಯದೆ ಮೊದಲೇ ಅರಿವಳಿಕೆ ಡಾಕ್ಟರನ್ನು ನೋಡಿ. ಯಾವ ಔಷಧಿ, ಕೊಟ್ಟ ಎಷ್ಟು ಹೊತ್ತಿಗೆ ಏನಾಯಿತು, ಹೇಗೆ ಕಡಿಮೆಯಾಯಿತು ಎಂದು ಅಮ್ಮನನ್ನೇ ಕೇಳಿ ಬರೆದುಕೊಂಡು ಹೋಗಿ. ಆವತ್ತು ತುಟಿ ಊದಿದ್ದೋ ಉಸಿರು ಕಟ್ಟಿದ್ದೋ ನೆನಪಾದರೆ ಅದನ್ನೇ ಮೊದಲು ಹೇಳಿ. ಆಗ ಅಲರ್ಜಿ ತಜ್ಞರನ್ನು ಕಂಡ ಮೇಲೆಯೇ ಆಪರೇಷನ್ ತಾರೀಖು ಗೊತ್ತುಮಾಡಲಿ.