ಸಂಪಾದಕರ ಉತ್ತರ: ಶಿವಮೊಗ್ಗದಿಂದ ಗಯಾಕ್ಕೆ ನೇರ ವಿಮಾನ ಏಕಿಲ್ಲ?

ಮಾನ್ಯರೇ,

ಸಣ್ಣ ವಿಮಾನ ನಿಲ್ದಾಣಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ಮೂರು ಪುಟಗಳ ಪತ್ರ ತಲುಪಿದೆ. ತಂದೆಯವರ ಪಿಂಡಪ್ರದಾನಕ್ಕೆಂದು ವಯಸ್ಸಾದ ತಾಯಿಯವರನ್ನು ಕರೆದುಕೊಂಡು ಶಿವಮೊಗ್ಗದಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ವಿಮಾನದಲ್ಲಿ ಪಟ್ನಾಕ್ಕೆ, ಮತ್ತೆ ನೂರು ಕಿಲೋಮೀಟರಿನಷ್ಟು ಕಾರಿನಲ್ಲಿ ಗಯಾಕ್ಕೆ ಹೋದ ಪಾಡನ್ನು ವಿವರಿಸಿದ್ದೀರಿ. ಶಿವಮೊಗ್ಗದಲ್ಲಿ 3,200 ಮೀಟರ್ ಉದ್ದದ ರನ್‌ವೇ ಇರುವಾಗ, ಗಯಾದಲ್ಲಿಯೂ ವಿಮಾನ ನಿಲ್ದಾಣವಿರುವಾಗ, ಹುಬ್ಬಳ್ಳಿಯಿಂದ ದೆಹಲಿ ಬಳಿಯ ಹಿಂಡನ್‌ಗೆ ಹಾರಿದಂತೆ ಇಲ್ಲಿಂದಲೂ ನೇರವಾಗಿ ಏಕೆ ಹಾರಬಾರದು ಎಂಬುದು ನಿಮ್ಮ ಪ್ರಶ್ನೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಸಣ್ಣ ಊರುಗಳ ನಡುವಿನ ಮಾರ್ಗಗಳಿಗೆ ದೂರವೇ ದೊಡ್ಡ ಅಡ್ಡಿ ಎಂಬ ಸಾಲನ್ನು ಲೇಖನದಲ್ಲಿ ಹಾಗೆಯೇ ಬಿಡಬಾರದಿತ್ತು. ಹುಬ್ಬಳ್ಳಿಗೂ ಹಿಂಡನ್‌ಗೂ ಆಕಾಶಮಾರ್ಗದಲ್ಲಿ ಸುಮಾರು 1,500 ಕಿಲೋಮೀಟರ್. ಶಿವಮೊಗ್ಗಕ್ಕೂ ಗಯಾಕ್ಕೂ ಸುಮಾರು 1,550. ದೂರ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಒಂದು ಕಡೆ 2019ರ ನವೆಂಬರಿನಲ್ಲಿ ಸ್ಟಾರ್ ಏರ್ ಸಂಸ್ಥೆ 50 ಸೀಟುಗಳ ಎಂಬ್ರೇಯರ್ ಜೆಟ್ ಹಾರಿಸಲು ಮುಂದಾಗಿ, ಇನ್ನೊಂದು ಕಡೆ ಯಾರೂ ಮುಂದಾಗದಿರುವುದಕ್ಕೆ ಕಾರಣವನ್ನು ಮಾರ್ಗದ ಎರಡು ತುದಿಗಳಲ್ಲಿ ಹುಡುಕಬೇಕಾಗುತ್ತದೆ.

ಹಿಂಡನ್ ಇರುವುದು ಉತ್ತರ ಪ್ರದೇಶದ ಘಾಜಿಯಾಬಾದಿನಲ್ಲಿ. ಅದು ವಾಯುಪಡೆಯ ನೆಲೆ. ಅದರ ಒಂದು ಬದಿಯಲ್ಲಿ ನಾಗರಿಕ ವಿಮಾನಗಳಿಗೆಂದು ಚಿಕ್ಕ ಟರ್ಮಿನಲ್ ಕಟ್ಟಿ 2019ರಲ್ಲಿ ಉದ್ಘಾಟಿಸಲಾಯಿತು. ದೆಹಲಿಯ ದೊಡ್ಡ ನಿಲ್ದಾಣದಲ್ಲಿ ಹೊಸ ವಿಮಾನಗಳಿಗೆ ಇಳಿಯುವ ಸಮಯ ಸಿಗುವುದು ದುಸ್ತರವಾಗಿದ್ದುದರಿಂದ ಈ ಹಿತ್ತಿಲ ಬಾಗಿಲನ್ನು ತೆರೆದರು. ಹೆಸರಿಗೆ ಅದು ಸಣ್ಣ ನಿಲ್ದಾಣವಾದರೂ ಹುಬ್ಬಳ್ಳಿಯಿಂದ ಹೋದವರು ಹೋದದ್ದು ದೆಹಲಿಗೆ. ಈ ಕಡೆ ಹುಬ್ಬಳ್ಳಿ ಧಾರವಾಡಗಳಲ್ಲಿ ವ್ಯಾಪಾರಸ್ಥರಿದ್ದಾರೆ, ಹೈಕೋರ್ಟ್ ಪೀಠವಿದೆ, ಐಐಟಿ ಇದೆ. ಅಲ್ಲಿಂದ ಇಲ್ಲಿಗೂ ಇಲ್ಲಿಂದ ಅಲ್ಲಿಗೂ ವರ್ಷವಿಡೀ ಕೆಲಸದ ಮೇಲೆ ಓಡಾಡುವವರಿದ್ದಾರೆ. ಜನ ಸಿಗುತ್ತಾರೆಂಬುದು ಖಾತ್ರಿಯಾದ ಮೇಲೆ ಇಂಡಿಗೊ ಸಂಸ್ಥೆ ಹುಬ್ಬಳ್ಳಿಯಿಂದ ದೆಹಲಿಯ ಮುಖ್ಯ ನಿಲ್ದಾಣಕ್ಕೇ ವಿಮಾನ ಹಾಕಿತು. ಸಣ್ಣ ವಿಮಾನ ದಾರಿ ಮಾಡಿಕೊಟ್ಟರೆ ದೊಡ್ಡ ವಿಮಾನ ಬಂದು ಫಸಲು ಕೊಯ್ಯುವುದು ಈ ವ್ಯವಹಾರದಲ್ಲಿ ಹೊಸದೇನಲ್ಲ.

ಬೆಳಗಾವಿಯಿಂದ ರಾಜಸ್ಥಾನದ ಕಿಶನ್‌ಗಢಕ್ಕೆ ನಡೆಸಿದ ವಿಮಾನ ನಿಮ್ಮ ವಾದಕ್ಕೆ ಇನ್ನೂ ಹತ್ತಿರದ ಉದಾಹರಣೆಯಾಗಿತ್ತು, ಏಕೆಂದರೆ ಅಲ್ಲಿ ಎರಡು ತುದಿಗಳೂ ನಿಜಕ್ಕೂ ಸಣ್ಣವು. ಆದರೆ ಕಿಶನ್‌ಗಢವೆಂದರೆ ಅಮೃತಶಿಲೆಯ ದೊಡ್ಡ ಮಾರುಕಟ್ಟೆ, ಪಕ್ಕದಲ್ಲಿಯೇ ಅಜ್ಮೀರಿನ ದರ್ಗಾ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ರಾಜಸ್ಥಾನಿ ಕುಟುಂಬಗಳು ಬೇರೆ.

ಗಯಾದ ಮಾತು ಹಾಗಲ್ಲ. ಮಲೆನಾಡಿನಿಂದ ಅಲ್ಲಿಗೆ ಹೋಗುವವರು ಬಹುಪಾಲು ಪಿತೃಪಕ್ಷದ ಹದಿನೈದು ದಿನಗಳಲ್ಲಿ ಹೋಗುತ್ತಾರೆ. ಅಲ್ಲಿಂದ ಶಿವಮೊಗ್ಗಕ್ಕೆ ವಿಮಾನದಲ್ಲಿ ಬರಬೇಕಾದವರು ಎಷ್ಟು ಮಂದಿ ಎಂದು ಯೋಚಿಸಿ ನೋಡಿ. 180 ಸೀಟುಗಳ ಏರ್‌ಬಸ್ ದಿನಕ್ಕೊಮ್ಮೆ ಹೋಗಿಬಂದು, ಸೀಟುಗಳಲ್ಲಿ ಶೇ. 70ರಷ್ಟಾದರೂ ತುಂಬಬೇಕೆಂದರೆ, ಒಂದೊಂದು ದಿಕ್ಕಿಗೆ ದಿನಕ್ಕೆ 126 ಜನ, ವರ್ಷಕ್ಕೆ ಸುಮಾರು 46,000 ಜನ ಬೇಕು. ಏಟಿಆರ್ 72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನ ಸಾಕಲ್ಲವೇ ಎಂದು ಕೇಳಿದ್ದೀರಿ. 2023ರ ಆಗಸ್ಟ್ 31ರಂದು ನಿಮ್ಮೂರಿಗೆ ಮೊದಲು ಬಂದಿಳಿದದ್ದು ಅದೇ ಬಗೆಯ ವಿಮಾನ. ಆದರೆ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ ಆ ವಿಮಾನಕ್ಕೆ ಗಯಾ ತಲುಪಲು ಮೂರು ಗಂಟೆಗೂ ಹೆಚ್ಚು ಬೇಕು. ಮೇಲಾಗಿ ಸೀಟು ಪೂರ್ತಿ ತುಂಬಿಕೊಂಡು, ಹವಾಮಾನ ಕೆಟ್ಟರೆ ಬೇರೆ ನಿಲ್ದಾಣಕ್ಕೆ ತಿರುಗಲು ಬೇಕಾದ ಇಂಧನವನ್ನೂ ಹೊತ್ತು ಅಷ್ಟು ದೂರ ಹಾರುವುದು ಅದರ ಶಕ್ತಿಗೆ ಮೀರಿದ್ದು. ಬೆಂಗಳೂರಿಗೆ ಹಲವು ಬಾರಿ ಹೋಗಿಬರಬಹುದಾದ ವಿಮಾನವನ್ನು ಒಂದೇ ಸುತ್ತಿಗೆ ಕಟ್ಟಿಹಾಕಲು ಯಾವ ಸಂಸ್ಥೆಯೂ ಒಪ್ಪುವುದಿಲ್ಲ.

ಸಣ್ಣ ಊರುಗಳ ವಿಮಾನ ಮಾರ್ಗಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಸಹಾಯಧನದಿಂದ ಈ ಕೊರತೆಯನ್ನು ತುಂಬಬಹುದೆಂಬ ನಿಮ್ಮ ಸಲಹೆಗೆ ಆಧಾರವಿಲ್ಲದಿಲ್ಲ. 2023ರಲ್ಲಿ ಬಂದ ಅದರ ಐದನೆಯ ಸುತ್ತಿನಲ್ಲಿ ಮಾರ್ಗದ ದೂರಕ್ಕಿದ್ದ 600 ಕಿಲೋಮೀಟರ್ ಮಿತಿಯನ್ನು ತೆಗೆದುಹಾಕಿದರು. ಆದರೆ ಸಹಾಯಧನದ ಲೆಕ್ಕವನ್ನು ಮಾತ್ರ 600 ಕಿಲೋಮೀಟರಿಗೇ ನಿಲ್ಲಿಸಿದರು. ಅಂದರೆ ಗಯಾ ಮಾರ್ಗದಲ್ಲಿ ಉಳಿದ 950 ಕಿಲೋಮೀಟರಿನ ನಷ್ಟ ಸಂಸ್ಥೆಯ ತಲೆಗೆ. ಮಹಾಲೇಖಪಾಲರ 2023ರ ವರದಿಯನ್ನೂ ಗಮನಿಸಿ: ಯೋಜನೆಯ ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವಾಗಲೇ ಇಲ್ಲ, ಸಹಾಯಧನದ ಮೂರು ವರ್ಷ ಮುಗಿದ ಮೇಲೂ 2023ರ ಮಾರ್ಚ್ ವೇಳೆಗೆ ಉಳಿದಿದ್ದವು 54. ಈ ಅಂಕಿಗಳನ್ನು ನೋಡಿದ ಮೇಲೆ, ದಿನನಿತ್ಯದ ಗಯಾ ವಿಮಾನಕ್ಕಾಗಿ ಸಚಿವರಿಗೆ ಮನವಿ ಸಲ್ಲಿಸಲು ಪತ್ರಿಕೆ ಮುಂದಾಗಬೇಕೆಂಬ ನಿಮ್ಮ ಕೋರಿಕೆಯನ್ನು ಒಪ್ಪಲು ನನಗೆ ಮನಸ್ಸಾಗುತ್ತಿಲ್ಲ.

ಆದರೆ ಗಯಾ ನಿಲ್ದಾಣವೇ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಚಳಿಗಾಲದಲ್ಲಿ ಬೋಧಗಯಾಕ್ಕೆ ಬರುವ ಬೌದ್ಧ ಯಾತ್ರಿಕರಿಗಾಗಿ ಥಾಯ್ಲೆಂಡಿನಂಥ ದೇಶಗಳಿಂದ ಅಲ್ಲಿಗೆ ನೇರ ವಿಮಾನಗಳು ಬರುತ್ತವೆ. ಋತು ಮುಗಿದೊಡನೆ ನಿಲ್ಲುತ್ತವೆ. ಪಿತೃಪಕ್ಷಕ್ಕೂ ಹಾಗೆ ಇಡೀ ವಿಮಾನವನ್ನೇ ಗೊತ್ತುಮಾಡಬಹುದು. ತೊಡಕಿರುವುದು ಮರುಪ್ರಯಾಣದಲ್ಲಿ: ಯಾತ್ರಿಕರನ್ನು ಇಳಿಸಿದ ವಿಮಾನ ಖಾಲಿ ಹಿಂತಿರುಗಿದರೆ ಅದರ ಖರ್ಚೂ ಅವರ ಮೇಲೆಯೇ ಬೀಳುತ್ತದೆ. ಒಂದು ತಂಡವನ್ನು ಬಿಟ್ಟು, ಮೂರು ದಿನ ಮೊದಲು ಹೋದ ತಂಡವನ್ನು ಹತ್ತಿಸಿಕೊಂಡು ಬರುವಂತೆ ನಾಲ್ಕೈದು ತಂಡಗಳು ಸಾಲಾಗಿ ಸಿದ್ಧವಾದರೆ ಲೆಕ್ಕ ಕೂಡಬಹುದು. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಯಾತ್ರಾ ಸಂಘಟಕರು ಒಟ್ಟಾದರೆ ಎಂಟುನೂರು ಜನ ಸಿಗಲಾರರೇ? ಅಂಥ ಪ್ರಯತ್ನಕ್ಕೆ ನೀವು ಕೈಹಾಕುವುದಾದರೆ ಪ್ರಕಟಣೆಗೆ ನಮ್ಮ ಪುಟಗಳಲ್ಲಿ ಜಾಗವಿದೆ.

ಅಲ್ಲಿಯವರೆಗೆ ಒಂದು ಸಣ್ಣ ಸೂಚನೆ. ಮುಂದಿನ ಸಲ ಬೆಂಗಳೂರಿನ ಮೂಲಕ ಪಟ್ನಾಕ್ಕೆ ಹೋಗುವಾಗ ಶಿವಮೊಗ್ಗದಿಂದಲೇ ವಿಮಾನ ಹತ್ತುವುದಾದರೆ, ಎರಡೂ ಹಂತಗಳನ್ನು ಒಂದೇ ಟಿಕೆಟಿನಲ್ಲಿ ಕೊಳ್ಳಿರಿ. ಮಳೆಗೋ ಮಂಜಿಗೋ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಆಗ ಸಂಸ್ಥೆಯ ಹೊಣೆಯಾಗುತ್ತದೆ; ಬೇರೆ ಬೇರೆ ಕೊಂಡಿದ್ದರೆ ಆ ನಷ್ಟ ನಿಮ್ಮದೇ.

— ಸಂಪಾದಕ